ಪೆಡಲ್ ಪೂರ್ತಿ ಒತ್ತಿದರೂ ಕ್ಲಚ್ ಫ್ರೀ ಆಗುತ್ತಿಲ್ಲ: ಗೇರ್‌ಬಾಕ್ಸ್ ಇಳಿಸುವ ಮೊದಲು ಸ್ಕೇಲ್ ಹಿಡಿಯಿರಿ

ಪ್ರಶ್ನೆ: ಮೂಡಿಗೆರೆ ಹತ್ತಿರ ನಮ್ಮ ಕಾಫಿ ತೋಟ. ತೋಟದ ಕೆಲಸಕ್ಕೆ ಹಳೆಯ ಎಂಎಂ 540 ಜೀಪ್ ಇದೆ, 2112 ಸಿಸಿ ಪ್ಯೂಜೋ ಡೀಸೆಲ್ ಎಂಜಿನ್. 4 ಸ್ಪೀಡ್ ಗೇರ್‌ಬಾಕ್ಸ್ ಪೂರ್ತಿ ಸವೆದಿತ್ತು. ಎರಡು ತಿಂಗಳ ಹಿಂದೆ ಸೆಕೆಂಡ್ ಹ್ಯಾಂಡ್ 5 ಸ್ಪೀಡ್ ಗೇರ್‌ಬಾಕ್ಸ್ ಹಾಕಿಸಿದೆ. ಎಂಜಿನಿಗೂ ಗೇರ್‌ಬಾಕ್ಸಿಗೂ ನಡುವೆ ಕೂರುವ ಅಡಾಪ್ಟರ್ ಪ್ಲೇಟ್, ಪೈಲಟ್ ಬುಷ್ ಎರಡೂ ಲೇತ್‌ನಲ್ಲಿ ಮಾಡಿಸಿದ್ದು. ಹಳೆಯ ಲಿಂಕೇಜ್ ತೆಗೆದು ಹೈಡ್ರಾಲಿಕ್ ಕ್ಲಚ್ ಮಾಡಿಸಿದೆವು. ಪೆಡಲ್ ಕಡೆಯ ಮಾಸ್ಟರ್ ಸಿಲಿಂಡರ್ 5/8 ಇಂಚು, ಗೇರ್‌ಬಾಕ್ಸ್ ಕಡೆಯ ಸ್ಲೇವ್ ಸಿಲಿಂಡರ್ 7/8 ಇಂಚು. ಈಗ ಪೆಡಲ್ ಪೂರ್ತಿ ಒತ್ತಿದರೂ ಫಸ್ಟ್ ಗೇರ್ ಕಷ್ಟಪಟ್ಟು ಬೀಳುತ್ತೆ, ರಿವರ್ಸ್ ಕರ್ರ್ ಅನ್ನುತ್ತೆ. ಎರಡು ಸಲ ಪೆಡಲ್ ಪಂಪ್ ಮಾಡಿದರೆ ಸ್ವಲ್ಪ ವಾಸಿ. ಎಂಜಿನ್ ಆಫ್ ಮಾಡಿದರೆ ಎಲ್ಲ ಗೇರೂ ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಬೀಳುತ್ತೆ. ಮೆಕ್ಯಾನಿಕ್ ಮತ್ತೆ ಗೇರ್‌ಬಾಕ್ಸ್ ಇಳಿಸಿ ಕ್ಲಚ್ ಪ್ಲೇಟು, ಪ್ರೆಷರ್ ಪ್ಲೇಟು ಎರಡೂ ಹೊಸದು ಹಾಕೋಣ ಅಂತಾರೆ. ಹಾಕಿಸಲಾ?

ಉತ್ತರ:

ಈಗಲೇ ಬೇಡ. ಒಂದು ಸ್ಟೀಲ್ ಸ್ಕೇಲು, ಒಂದು ಸೀಮೆಸುಣ್ಣ, ಪೆಡಲ್ ಒತ್ತಲು ಮನೆಯವರೊಬ್ಬರು ಸಿಕ್ಕರೆ ಅರ್ಧ ಗಂಟೆಯಲ್ಲಿ ತೊಂದರೆ ಬೆಲ್ ಹೌಸಿಂಗ್ (ಕ್ಲಚ್ ಮುಚ್ಚಿರುವ ಗೂಡು) ಒಳಗಿದೆಯೋ ಹೊರಗಿದೆಯೋ ಗೊತ್ತಾಗುತ್ತದೆ. ಹೊರಗಿದ್ದರೆ ಗೇರ್‌ಬಾಕ್ಸ್ ಮುಟ್ಟುವ ಕೆಲಸವೇ ಇಲ್ಲ. ಒಳಗಿದ್ದರೂ ಏನನ್ನು ಹುಡುಕಬೇಕು ಅಂತ ತಿಳಿದುಕೊಂಡೇ ಇಳಿಸಬಹುದು. ಸುಮ್ನೆ ಸೆಟ್ ಬದಲಾಯಿಸಿ ಮತ್ತೆ ಏರಿಸಿದರೆ ನೂರಕ್ಕೆ ನೂರು ಅದೇ ಕರ್ರ್ ಸದ್ದು ವಾಪಸ್ ಬರುವ ಕೇಸ್‌ಗಳನ್ನು ನಾನು ತುಂಬಾ ನೋಡಿದ್ದೇನೆ.

ನೀವು ಬರೆದಿದ್ದರಲ್ಲೇ ಸುಳಿವುಗಳಿವೆ. ಎಂಜಿನ್ ಆಫ್ ಇದ್ದಾಗ ಗೇರ್ ಸಲೀಸಾಗಿ ಬೀಳುತ್ತೆ ಅಂದಿರಿ, ಹಾಗಾದರೆ ಗೇರ್ ಲಿವರ್, ಸೆಲೆಕ್ಟರ್ ಎಲ್ಲ ಸರಿಯಾಗಿವೆ. ಎಂಜಿನ್ ತಿರುಗುವಾಗ ಮಾತ್ರ ಕಷ್ಟ ಅಂದರೆ ಪೆಡಲ್ ಒತ್ತಿದ ಮೇಲೂ ಗೇರ್‌ಬಾಕ್ಸಿನ ಇನ್‌ಪುಟ್ ಶಾಫ್ಟ್ ನಿಲ್ಲುತ್ತಿಲ್ಲ, ಎಂಜಿನ್ ಜೊತೆ ಎಳೆದುಕೊಂಡು ತಿರುಗುತ್ತಿದೆ. ಪಂಪ್ ಮಾಡಿದರೆ ವಾಸಿ ಅಂದಿದ್ದು ಇನ್ನೂ ಮುಖ್ಯ. ಪ್ಲೇಟ್ ಬೆಂಡ್ ಆಗಿದ್ದರೆ ಅಥವಾ ಪೈಲಟ್ ಬುಷ್ (ಇನ್‌ಪುಟ್ ಶಾಫ್ಟಿನ ಮೂಗು ಕೂರುವ ಬಳೆ) ಹಿಡಿದುಕೊಂಡಿದ್ದರೆ ಪಂಪ್ ಮಾಡಿದ್ದರಿಂದ ಏನೂ ಬದಲಾಗುವುದಿಲ್ಲ. ಪಂಪ್ ಮಾಡಿದಾಗ ಲೈನಿಗೆ ಇನ್ನಷ್ಟು ಬ್ರೇಕ್ ಆಯಿಲ್ ಹೋಗುತ್ತದೆ, ಸ್ಲೇವ್ ರಾಡ್ ಇನ್ನೊಂದೆರಡು ಮಿ.ಮೀ. ಜಾಸ್ತಿ ಹೊರಗೆ ಬರುತ್ತದೆ, ಗೇರ್ ಬೀಳುತ್ತದೆ. ಅಂದರೆ ನಿಮ್ಮ ಕ್ಲಚ್‌ಗೆ ಕಡಿಮೆ ಬಿದ್ದಿರುವುದು ಆ ಒಂದೆರಡು ಮಿ.ಮೀ. ಚಲನೆ ಅಂತ ನನ್ನ ಬಲವಾದ ಅನುಮಾನ. ಲೇತ್‌ನಲ್ಲಿ ಮಾಡಿಸಿದ ಬುಷ್ ಒಂದು ಮಾತ್ರ ನನಗೆ ಸಮಾಧಾನ ಕೊಡುತ್ತಿಲ್ಲ, ಅದಕ್ಕೆ ಆಮೇಲೆ ಬರುತ್ತೇನೆ.

ಒಂದೆರಡು ಮಿ.ಮೀ.ಗೆ ಇಷ್ಟೊಂದು ಗಲಾಟೆನಾ ಅನ್ನಿಸಬಹುದು. ಕ್ಲಚ್ ಒಳಗಿನ ಲೆಕ್ಕವೇ ಹಾಗೆ. ನಿಮ್ಮ ಗಾಡಿಯ ಅಳತೆಯ ಕ್ಲಚ್‌ನಲ್ಲಿ ರಿಲೀಸ್ ಬೇರಿಂಗ್ (ಪೆಡಲ್ ಒತ್ತಿದಾಗ ಪ್ರೆಷರ್ ಪ್ಲೇಟಿನ ಬೆರಳುಗಳನ್ನು ಒತ್ತುವುದು) ಸುಮಾರು 8 ಮಿ.ಮೀ. ಮುಂದೆ ಹೋಗಬೇಕು ಅಂತ ಇಟ್ಟುಕೊಳ್ಳಿ. ಪ್ರೆಷರ್ ಪ್ಲೇಟಿನ ಬೆರಳುಗಳು ಸನ್ನೆಕೋಲಿನ ಹಾಗೆ ಕೆಲಸ ಮಾಡುವುದರಿಂದ ಆ 8 ಮಿ.ಮೀ. ಒಳಗೆ ಹೋಗುವಷ್ಟರಲ್ಲಿ ಸುಮಾರು 2 ಮಿ.ಮೀ. ಆಗಿಬಿಡುತ್ತದೆ. ಪ್ರೆಷರ್ ಪ್ಲೇಟ್ ಹಿಂದೆ ಸರಿಯುವುದು ಅಷ್ಟೇ. ಅದರಲ್ಲೂ ಅರ್ಧದಷ್ಟನ್ನು ಕ್ಲಚ್ ಪ್ಲೇಟೇ ತಿಂದುಹಾಕುತ್ತದೆ. ಯಾಕೆಂದರೆ ಎರಡು ಲೈನಿಂಗ್ ನಡುವೆ ಅಲೆಅಲೆಯಾದ ಸ್ಪ್ರಿಂಗ್ ತಗಡು ಇರುತ್ತದೆ, ಒತ್ತಡ ಬಿಟ್ಟ ಕೂಡಲೇ ಅದು ಉಬ್ಬುತ್ತದೆ. ಉಳಿದ ಒಂದು ಮಿ.ಮೀ.ನಷ್ಟು ಜಾಗ ಪ್ಲೇಟಿನ ಎರಡೂ ಕಡೆಗೆ ಹಂಚಿಹೋಗಬೇಕು. ಒಂದೊಂದು ಬದಿಗೆ ಅರ್ಧ ಮಿ.ಮೀ. ಸಿಕ್ಕರೆ ಹೆಚ್ಚು. ಬೇರಿಂಗ್ ಹತ್ತಿರ 2 ಮಿ.ಮೀ. ಕಡಿಮೆಯಾದರೆ ಒಳಗೆ ಅರ್ಧ ಮಿ.ಮೀ. ಹೋಯಿತು, ಪ್ಲೇಟ್ ಎಂಜಿನ್ ಜೊತೆ ತಿರುಗುವ ಫ್ಲೈವೀಲಿಗೆ ಸವರಿಕೊಂಡೇ ತಿರುಗುತ್ತದೆ.

ಮೊದಲು ಎಂಜಿನ್ ಚಾಲೂ ಇಟ್ಟು ಒಂದು ಪರೀಕ್ಷೆ. ಮಟ್ಟದ ಜಾಗದಲ್ಲಿ ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಎಳೆದು, ಚಕ್ರಕ್ಕೆ ಕಲ್ಲು ಕೊಡಿ. ಮುಂದೆ ಹಿಂದೆ ಯಾರೂ ನಿಲ್ಲಬಾರದು. ಎಂಜಿನ್ ಬಿಸಿಯಾಗಿ ಐಡಲ್‌ನಲ್ಲಿರಲಿ. ನ್ಯೂಟ್ರಲ್‌ನಲ್ಲಿ ಪೆಡಲ್ ಪೂರ್ತಿ ಒತ್ತಿ, ಮನಸ್ಸಿನಲ್ಲಿ ನಿಧಾನವಾಗಿ ಹತ್ತು ಎಣಿಸಿ, ಆಮೇಲೆ ರಿವರ್ಸ್‌ಗೆ ಮೆತ್ತಗೆ ಹಾಕಿ. ಒತ್ತಿದ ಕೂಡಲೇ ಹಾಕಿದರೆ ಒಳ್ಳೆಯ ಕ್ಲಚ್‌ನಲ್ಲೂ ಸ್ವಲ್ಪ ಸದ್ದು ಬರಬಹುದು, ಶಾಫ್ಟ್ ತಿರುಗುವ ರಭಸಕ್ಕೆ ನಿಲ್ಲಲು ಒಂದಷ್ಟು ಸೆಕೆಂಡ್ ಬೇಕು. ಹತ್ತು ಎಣಿಸಿದ ಮೇಲೂ ಕರ್ರ್ ಅಂದರೆ ಶಾಫ್ಟನ್ನು ಏನೋ ಎಳೆಯುತ್ತಿದೆ ಅಂತ ಖಾತ್ರಿ. ರಿವರ್ಸನ್ನೇ ಯಾಕೆ ಹೇಳಿದೆ ಅಂದರೆ ಹೆಚ್ಚಿನ ಗೇರ್‌ಬಾಕ್ಸ್‌ಗಳಲ್ಲಿ ರಿವರ್ಸ್‌ಗೆ ಸಿಂಕ್ರೊ (ಶಾಫ್ಟಿನ ವೇಗ ಹೊಂದಿಸುವ ರಿಂಗ್) ಇರುವುದಿಲ್ಲ, ಅದು ಸುಳ್ಳು ಹೇಳುವುದಿಲ್ಲ. ಫಸ್ಟ್ ಗೇರ್‌ನಲ್ಲಿ ಸಿಂಕ್ರೊ ರಿಂಗ್ ಒದ್ದಾಡಿ ಶಾಫ್ಟನ್ನು ನಿಲ್ಲಿಸಿಬಿಡುತ್ತದೆ, ನಿಮಗೆ ಗೇರ್ ಸ್ವಲ್ಪ ಗಟ್ಟಿ ಅನ್ನಿಸುತ್ತದೆ ಅಷ್ಟೇ. ಆ ರಿಂಗ್ ದಿನಾ ಹೀಗೆ ಒದ್ದಾಡಿದರೆ ಹೊಸದಾಗಿ ಹಾಕಿಸಿದ ಗೇರ್‌ಬಾಕ್ಸೂ ಬೇಗ ಹಾಳಾಗುತ್ತದೆ. ಅದಕ್ಕೇ ಇದನ್ನು ಹಾಗೇ ಬಿಟ್ಟು ಓಡಿಸಬೇಡಿ. ಚಾರ್ಮಾಡಿ ಘಾಟಿ ಕಡೆಗಂತೂ ಸರಿಯಾಗುವವರೆಗೆ ತೆಗೆದುಕೊಂಡು ಹೋಗಲೇಬೇಡಿ. ತಿರುವಿನಲ್ಲಿ ಬಸ್ಸಿಗೆ ದಾರಿ ಬಿಡಲು ಪೆಡಲ್ ಒತ್ತಿ ನಿಂತಾಗ ಗಾಡಿ ಮುಂದಕ್ಕೆ ಎಳೆದರೆ ಬ್ರೇಕ್ ಮೇಲೇ ಹಿಡಿದುಕೊಂಡು ನಿಲ್ಲಬೇಕಾಗುತ್ತದೆ.

ಇನ್ನು ಎಂಜಿನ್ ಆಫ್ ಮಾಡಿ ಅಳತೆಗೆ ಬನ್ನಿ. ಜೀಪಿನ ಕೆಳಗೆ ಮಲಗಿದರೆ ಬೆಲ್ ಹೌಸಿಂಗ್ ಪಕ್ಕದಲ್ಲಿ ಸ್ಲೇವ್ ಸಿಲಿಂಡರ್, ಅದರ ರಾಡ್, ರಾಡ್ ತಳ್ಳುವ ಫೋರ್ಕಿನ (ಒಳಗೆ ರಿಲೀಸ್ ಬೇರಿಂಗನ್ನು ದೂಡುವ ಸನ್ನೆ) ತುದಿ ಕಾಣುತ್ತದೆ. ರಾಡಿನ ಮೇಲೆ, ರಬ್ಬರ್ ಬೂಟಿನ ಅಂಚಿಗೆ ಸರಿಯಾಗಿ ಸೀಮೆಸುಣ್ಣದಲ್ಲಿ ಒಂದು ಗೀಟು ಹಾಕಿ. ಮೇಲಿದ್ದವರು ಪೆಡಲನ್ನು ಒಂದೇ ಸಲ, ನಿಧಾನವಾಗಿ, ನೆಲ ಮುಟ್ಟುವವರೆಗೆ ಒತ್ತಿ ಹಿಡಿಯಲಿ. ಪಂಪ್ ಮಾಡಬಾರದು. ಗೀಟು ಎಷ್ಟು ಸರಿಯಿತು ಅಂತ ಸ್ಕೇಲ್‌ನಲ್ಲಿ ನೋಡಿ ಬರೆದುಕೊಳ್ಳಿ. ಆಮೇಲೆ ಮೂರು ಸಲ ಪಂಪ್ ಮಾಡಿ ಮೂರನೆಯದಕ್ಕೆ ಹಿಡಿಯಲಿ, ಮತ್ತೆ ಅಳೆಯಿರಿ. ಕೊನೆಗೆ ಪೆಡಲನ್ನು ಒಂದು ನಿಮಿಷ ಹಾಗೇ ಹಿಡಿದಿಟ್ಟು ರಾಡ್ ವಾಪಸ್ ಜಾರುತ್ತದೆಯಾ ನೋಡಿ. ಜಾರಿದರೆ ಮಾಸ್ಟರ್ ಅಥವಾ ಸ್ಲೇವ್ ಒಳಗಿನ ರಬ್ಬರ್ ಸೀಲ್ ಬಿಟ್ಟುಕೊಡುತ್ತಿದೆ. ಜಾರದೆ, ಆದರೆ ಪಂಪ್ ಮಾಡಿದಾಗ ರಾಡ್ ಗಣನೀಯವಾಗಿ ಜಾಸ್ತಿ ಬಂದರೆ ಲೈನಿನಲ್ಲಿ ಏರ್ ಇದೆ, ಇಲ್ಲವೇ ಹಳೆಯ ರಬ್ಬರ್ ಹೋಸ್ ಉಬ್ಬುತ್ತಿದೆ.

ನಿಮ್ಮ ಸಿಲಿಂಡರ್‌ಗಳ ಲೆಕ್ಕ ನಾನೇ ಮಾಡಿ ನೋಡಿದೆ. 5/8 ಇಂಚಿನ ಮಾಸ್ಟರಿನ ಬಾಯಿಯ ವಿಸ್ತೀರ್ಣ ಸುಮಾರು 198 ಚದರ ಮಿ.ಮೀ., 7/8 ಇಂಚಿನ ಸ್ಲೇವ್‌ನದು ಸುಮಾರು 388. ಅಂದರೆ ಮಾಸ್ಟರ್ ರಾಡ್ 10 ಮಿ.ಮೀ. ಒಳಗೆ ಹೋದರೆ ಸ್ಲೇವ್ ರಾಡ್ ಬರೀ 5 ಮಿ.ಮೀ. ಹೊರಗೆ ಬರುತ್ತದೆ. ಪೆಡಲ್ ಪಾದದ ಹತ್ತಿರ 150 ಮಿ.ಮೀ. ಚಲಿಸುತ್ತೆ, ಪೆಡಲ್ ಅನುಪಾತ 6 ಅಂತ ಹಿಡಿಯೋಣ. ಮಾಸ್ಟರ್ ರಾಡ್ 25 ಮಿ.ಮೀ. ಹೋಗುತ್ತದೆ, ಫ್ರೀ ಪ್ಲೇ (ರಾಡಿನ ಸಡಿಲ) 1 ಮಿ.ಮೀ. ಕಳೆದರೆ 24. ಸ್ಲೇವ್‌ನಲ್ಲಿ ಬರುವುದು ಸುಮಾರು 12 ಮಿ.ಮೀ. ಫೋರ್ಕ್ ಅನುಪಾತ 2 ಆದರೆ ಬೇರಿಂಗ್ ಚಲಿಸುವುದು ಬರೀ 6 ಮಿ.ಮೀ. ಬೇಕಾದ್ದು 8! ಎಲ್ಲವೂ ಹೊಚ್ಚ ಹೊಸದಾಗಿದ್ದರೂ, ಒಂದು ಗುಳ್ಳೆ ಏರ್ ಇಲ್ಲದಿದ್ದರೂ ಈ ಜೋಡಿಯಲ್ಲಿ ಅಷ್ಟೇ ಬರುವುದು. ನಿಮ್ಮ ಪೆಡಲ್, ನಿಮ್ಮ ಫೋರ್ಕಿನ ಅನುಪಾತ ಬೇರೆ ಇರಬಹುದು. ಅದಕ್ಕೇ ಅಳೆಯಿರಿ ಅನ್ನುತ್ತಿರುವುದು. ಪೆಡಲಿನ ಪಿವಟ್ ಪಿನ್ನಿನಿಂದ ಪಾದ ಇಡುವ ಜಾಗದವರೆಗಿನ ಉದ್ದವನ್ನು, ಪಿವಟ್‌ನಿಂದ ಮಾಸ್ಟರ್ ರಾಡಿನ ಪಿನ್‌ವರೆಗಿನ ಉದ್ದದಿಂದ ಭಾಗಿಸಿದರೆ ಪೆಡಲ್ ಅನುಪಾತ ಸಿಗುತ್ತದೆ.

ಅದೇ ಲೆಕ್ಕದಲ್ಲಿ ಮಾಸ್ಟರನ್ನು 3/4 ಇಂಚು ಮಾಡಿದರೆ ಸ್ಲೇವ್ 17 ಮಿ.ಮೀ. ದಾಟುತ್ತದೆ, ಬೇರಿಂಗ್ ಸುಮಾರು 9 ಮಿ.ಮೀ. ಹೋಗುತ್ತದೆ. ಗೇರ್‌ಬಾಕ್ಸ್ ಇಳಿಸದೆ, ಒಂದು ಸಿಲಿಂಡರ್ ಬದಲಾಯಿಸಿದ್ದಕ್ಕೆ ಇಷ್ಟು ವ್ಯತ್ಯಾಸ. ಪೆಡಲ್ ಮಾತ್ರ ಸುಮಾರು 1.4 ಪಟ್ಟು ಗಟ್ಟಿಯಾಗುತ್ತದೆ, ಅದು ತಪ್ಪುವುದಿಲ್ಲ. ಚಲನೆ ಜಾಸ್ತಿ ಬೇಕಾದರೆ ಬಲ ಜಾಸ್ತಿ ಹಾಕಲೇಬೇಕು. ಮಾಸ್ಟರ್ ಹಾಗೇ ಇಟ್ಟು ಸ್ಲೇವನ್ನು 3/4 ಇಂಚಿಗೆ ಇಳಿಸಿದರೂ ಹೆಚ್ಚುಕಡಿಮೆ ಅಲ್ಲಿಗೇ ಬರುತ್ತದೆ, ಆದರೆ ಆಗ ಸ್ಲೇವ್ ಪಿಸ್ಟನ್ ಅಷ್ಟು ದೂರ ಬರಲು ಒಳಗೆ ಜಾಗ ಇದೆಯಾ ನೋಡಿಕೊಳ್ಳಿ. ಕೊನೆ ಮುಟ್ಟಿ ಪಿಸ್ಟನ್ ಹೊರಗೆ ಬಿದ್ದರೆ ಇದ್ದ ಆಯಿಲ್ ಪೂರ್ತಿ ನೆಲಕ್ಕೆ.

ಇದರ ಇನ್ನೊಂದು ಬದಿಯೂ ಇದೆ. ಚಲನೆ ಬೇಕು ಅಂತ ಇನ್ನೂ ದೊಡ್ಡ ಮಾಸ್ಟರ್ ಹಾಕಿಬಿಡಬೇಡಿ. ಬೇರಿಂಗ್ ಮಿತಿ ಮೀರಿ ಒಳಗೆ ಹೋದರೆ ಪ್ರೆಷರ್ ಪ್ಲೇಟಿನ ಬೆರಳುಗಳು ಕ್ಲಚ್ ಪ್ಲೇಟಿನ ಹಬ್ ಸ್ಪ್ರಿಂಗ್‌ಗಳಿಗೆ ತಾಗುತ್ತವೆ, ಆ ಬೆರಳುಗಳಿರುವ ಸ್ಪ್ರಿಂಗ್ ತಟ್ಟೆ (ಡಯಾಫ್ರಾಮ್) ಬೆಂಡ್ ಆಗುತ್ತದೆ. ಕ್ಲಚ್ ಸರಿಯಾಗಿ ಫ್ರೀ ಆದ ಮೇಲೆ ಇನ್ನೊಂದು ಒಂದೂವರೆ ಸೆಂ.ಮೀ. ಪೆಡಲ್ ಉಳಿದಿರಲಿ, ಅಲ್ಲಿಗೆ ನೆಲದ ಮೇಲೆ ಒಂದು ಬೋಲ್ಟ್ ನಿಲ್ಲಿಸಿ ಪೆಡಲ್ ಸ್ಟಾಪ್ ಮಾಡಿಸಿ.

ಮಾಸ್ಟರ್ ರಾಡನ್ನು ಉದ್ದ ಮಾಡಿ ಬಿಗಿಮಾಡಿದರೆ ಸರಿಹೋಗುತ್ತೆ ಅಂತ ಯಾರಾದರೂ ಹೇಳಬಹುದು. ಪೆಡಲ್ ಬಿಟ್ಟಾಗ ಆ ರಾಡ್ ಮತ್ತು ಪಿಸ್ಟನ್ ನಡುವೆ ಸಣ್ಣ ಸಡಿಲ ಇರಲೇಬೇಕು, ಒಂದು ಮಿ.ಮೀ. ಸಾಕು. ಅದೂ ಇಲ್ಲದಿದ್ದರೆ ಪಿಸ್ಟನ್ ಪೂರ್ತಿ ಹಿಂದೆ ಬರುವುದಿಲ್ಲ, ಆಯಿಲ್ ವಾಪಸ್ ಹೋಗುವ ಸಣ್ಣ ತೂತು ಮುಚ್ಚಿಕೊಳ್ಳುತ್ತದೆ. ಗಾಡಿ ಬಿಸಿಯಾದಂತೆ ಲೈನಿನಲ್ಲಿ ಒತ್ತಡ ಏರಿ, ಯಾರೋ ಸದಾ ಅರ್ಧ ಕ್ಲಚ್ ಒತ್ತಿದ ಹಾಗೆ ಆಗಿ, ದಿಬ್ಬ ಹತ್ತುವಾಗ ಕ್ಲಚ್ ಜಾರಲು ಶುರುವಾಗುತ್ತದೆ. ಒಂದು ತೊಂದರೆ ಕಳೆಯಲು ಹೋಗಿ ಹೊಸ ಪ್ಲೇಟ್ ಸುಟ್ಟುಕೊಳ್ಳುವ ದಾರಿ ಅದು.

ಈಗ ಜೀಪಿಗೇ ವಿಶೇಷವಾದ ಒಂದು ವಿಷಯ. ಇದನ್ನು ಯಾರೂ ನೋಡುವುದಿಲ್ಲ, ನಾನೂ ಮೊದಮೊದಲು ನೋಡುತ್ತಿರಲಿಲ್ಲ. ಮಾಸ್ಟರ್ ಸಿಲಿಂಡರನ್ನು ಬೋಲ್ಟ್ ಮಾಡಿರುವುದು ಎಂಜಿನ್ ಮತ್ತು ಕ್ಯಾಬಿನ್ ನಡುವಿನ ತಗಡಿನ ಗೋಡೆಗೆ, ನಾವು ಫೈರ್‌ವಾಲ್ ಅನ್ನುವುದಕ್ಕೆ. ಅಲ್ಲಿ ಕ್ಲಚ್ ಸಿಲಿಂಡರ್ ಕೂರುತ್ತೆ ಅಂತ ಯೋಚಿಸಿ ಆ ತಗಡು ಮಾಡಿದ್ದಲ್ಲ. ಸಕಲೇಶಪುರ ಕಡೆಯ ಒಂದು ಜೀಪ್ ನನ್ನ ಹತ್ತಿರ ಬಂದಿತ್ತು, ನಿಮ್ಮದೇ ಕಥೆ, ಎರಡು ಸಲ ಗೇರ್‌ಬಾಕ್ಸ್ ಇಳಿಸಿ ಏರಿಸಿ ಆಗಿತ್ತು. ಬಾನೆಟ್ ಎತ್ತಿ ಹುಡುಗನಿಗೆ ಪೆಡಲ್ ಒತ್ತಲು ಹೇಳಿ ಸಿಲಿಂಡರಿನ ಮೇಲೆ ಸುಮ್ನೆ ಬೆರಳಿಟ್ಟೆ. ಅವನು ಒತ್ತಿದಂತೆ ಇಡೀ ಸಿಲಿಂಡರ್ ನನ್ನ ಬೆರಳನ್ನು ತಳ್ಳಿಕೊಂಡು ಮುಂದೆ ಬಂತು. ಬಿಟ್ಟಾಗ ತಗಡು ಟಕ್ ಅಂತ ಸದ್ದು ಮಾಡಿ ವಾಪಸ್ ಹೋಯಿತು. ಬೋಲ್ಟ್ ತೂತಿನ ಸುತ್ತ ಪೇಂಟ್ ಕೂದಲೆಳೆಯಂತೆ ಬಿರಿದು, ಒಳಗಿನಿಂದ ಕೆಂಪು ತುಕ್ಕು ಇಣುಕುತ್ತಿತ್ತು. ಅಳೆದರೆ 3 ಮಿ.ಮೀ. ಇಪ್ಪತ್ತನಾಲ್ಕರಲ್ಲಿ ಮೂರು ಮಿ.ಮೀ. ತಗಡು ಬಗ್ಗುವುದಕ್ಕೇ ಹೋಗುತ್ತಿತ್ತು! ಒಳಗೂ ಹೊರಗೂ 4 ಮಿ.ಮೀ. ದಪ್ಪದ ಪಟ್ಟಿ ಕೊಟ್ಟು, ಒಂದು ಆಸರೆ ಪಟ್ಟಿಯನ್ನು ಪೆಡಲ್ ಬ್ರಾಕೆಟ್‌ಗೆ ಸೇರಿಸಿ ಬೆಸುಗೆ ಹಾಕಿಸಿದೆವು. ಗೇರ್‌ಬಾಕ್ಸ್ ಮುಟ್ಟಲಿಲ್ಲ. ಆ ಜೀಪ್ ಅದೇ ಸಂಜೆ ರಿವರ್ಸ್‌ನಲ್ಲಿ ಸದ್ದಿಲ್ಲದೆ ಗ್ಯಾರೇಜಿನಿಂದ ಹೊರಗೆ ಹೋಯಿತು. ನೀವೂ ಮೊದಲು ಬೆರಳಿಟ್ಟು ನೋಡಿ. ಪೆಡಲ್ ಕೆಳಗೆ ರಬ್ಬರ್ ಮ್ಯಾಟ್ ಎರಡು ಪದರ ಇದ್ದರೆ ಅದನ್ನೂ ಎತ್ತಿ. ಮಳೆಗಾಲದಲ್ಲಿ ಗೋಣಿಚೀಲ ಹಾಸುವ ಅಭ್ಯಾಸ ನಮ್ಮ ಕಡೆ ಇದೆ, ಅದೂ ಪೆಡಲಿನ ಒಂದೆರಡು ಸೆಂ.ಮೀ. ಕದಿಯುತ್ತದೆ.

ಏರ್ ವಿಷಯ. ಸ್ಲೇವ್ ಕೂರಿಸಿದಾಗ ಅದರ ಬ್ಲೀಡ್ ನಿಪ್ಪಲ್ (ಏರ್ ಹೊರಗೆ ಬಿಡುವ ತಿರುಪು) ಮೇಲ್ಗಡೆ ಇರಬೇಕು. ನಿಮ್ಮದರ ಹಾಗೆ ಬೇರೆ ಗೇರ್‌ಬಾಕ್ಸ್ ಹಾಕಿಸಿದ ಕನ್ವರ್ಷನ್ ಗಾಡಿಗಳಲ್ಲಿ ಬ್ರಾಕೆಟ್ ಕೈಯಲ್ಲಿ ಮಾಡುವುದರಿಂದ ಎಷ್ಟೋ ಸಲ ನಿಪ್ಪಲ್ ಪಕ್ಕಕ್ಕೋ ಕೆಳಕ್ಕೋ ತಿರುಗಿರುತ್ತದೆ. ಆಗ ಎಷ್ಟು ಬಾಟಲಿ ಆಯಿಲ್ ಸುರಿದರೂ ಮೇಲಿನ ಮೂಲೆಯ ಗುಳ್ಳೆ ಹೊರಗೆ ಬರುವುದೇ ಇಲ್ಲ. ಹಾಗಿದ್ದರೆ ಬ್ಲೀಡ್ ಮಾಡುವಾಗ ಸ್ಲೇವ್ ಬಿಚ್ಚಿ, ಪಿಸ್ಟನ್ ಹೊರಗೆ ಬರದ ಹಾಗೆ ಒತ್ತಿ ಕಟ್ಟಿ, ನಿಪ್ಪಲ್ ಮೇಲೆ ಬರುವಂತೆ ಹಿಡಿದು ಏರ್ ತೆಗೆಯಿರಿ. ಪೈಪ್ ಎಲ್ಲಾದರೂ ಮಾಸ್ಟರ್‌ಗಿಂತ ಎತ್ತರಕ್ಕೆ ಹೋಗಿ ಇಳಿದಿದ್ದರೆ ಆ ಗೂನಿನಲ್ಲೂ ಗುಳ್ಳೆ ನಿಲ್ಲುತ್ತದೆ. ಅಂಥ ಕಡೆ ಕೆಳಗಿನಿಂದ, ಅಂದರೆ ಸ್ಲೇವ್ ನಿಪ್ಪಲ್‌ನಿಂದ ಆಯಿಲ್ ಕ್ಯಾನಿನಲ್ಲಿ ಮೇಲಕ್ಕೆ ತಳ್ಳುವುದು ಬೇಗ ಕೆಲಸ ಕೊಡುತ್ತದೆ, ಗುಳ್ಳೆಗೂ ಮೇಲೆ ಹೋಗುವುದೇ ಇಷ್ಟ. ಆಯಿಲ್ ಡಾಟ್ 3 ಅಥವಾ ಡಾಟ್ 4 ಇರಲಿ. ಎಂಜಿನ್ ಆಯಿಲ್ ಅಥವಾ ಪವರ್ ಸ್ಟಿಯರಿಂಗ್ ಆಯಿಲ್ ಹನಿ ಬಿದ್ದರೂ ಸೀಲ್‌ಗಳು ಉಬ್ಬಿ ಹಾಳಾಗುತ್ತವೆ. ಹೋಸ್ ಹಳೆಯದಾಗಿದ್ದರೆ ಪೆಡಲ್ ಒತ್ತುವಾಗ ಅದನ್ನು ಮುಷ್ಟಿಯಲ್ಲಿ ಹಿಡಿದುಕೊಳ್ಳಿ. ಉಬ್ಬಿದ್ದು ಕೈಗೆ ಗೊತ್ತಾಗುತ್ತದೆ.

ಹೊರಗಿನದೆಲ್ಲ ನೋಡಿದ ಮೇಲೆ ತೀರ್ಪು ಕೊಡುವ ಪರೀಕ್ಷೆ ಇದು, ನನಗೆ ಎಲ್ಲಕ್ಕಿಂತ ನಂಬಿಕೆ ಇರುವುದೂ ಇದರ ಮೇಲೆ. ಎಂಜಿನ್ ಆಫ್. ಟ್ರಾನ್ಸ್‌ಫರ್ ಕೇಸ್ ಟೂ ವೀಲ್ ಡ್ರೈವ್‌ನಲ್ಲಿರಲಿ. ಉಳಿದ ಮೂರು ಚಕ್ರಕ್ಕೂ ಕಲ್ಲು ಕೊಟ್ಟು ಹಿಂದಿನ ಒಂದು ಚಕ್ರವನ್ನು ಜಾಕಿಯಲ್ಲಿ ಎತ್ತಿ, ಆಕ್ಸಲ್ ಕೆಳಗೆ ಸ್ಟ್ಯಾಂಡ್ ಇಡಿ, ಬರೀ ಜಾಕಿ ನಂಬಿ ಕೆಳಗೆ ಹೋಗಬೇಡಿ. ಹ್ಯಾಂಡ್ ಬ್ರೇಕ್ ಬಿಟ್ಟು ಫಸ್ಟ್ ಗೇರ್ ಹಾಕಿ. ಪೆಡಲ್ ಮೇಲಿದ್ದಾಗ ಎತ್ತಿದ ಚಕ್ರ ಕೈಯಲ್ಲಿ ತಿರುಗುವುದಿಲ್ಲ, ಎಂಜಿನ್ ಹಿಡಿದಿರುತ್ತದೆ. ಈಗ ಪೆಡಲ್ ಪೂರ್ತಿ ಒತ್ತಿಸಿ ತಿರುಗಿಸಿ. ಆಗಲೂ ಬಿಗಿಯಾಗಿದ್ದರೆ, ಪೆಡಲ್ ಹಿಡಿದಿದ್ದಂತೆಯೇ ಕೆಳಗಿನಿಂದ ಒಂದು ಉದ್ದದ ಹಾರೆ ಕೊಟ್ಟು ಫೋರ್ಕಿನ ತುದಿಯನ್ನು ಸ್ಲೇವ್ ತಳ್ಳುವ ದಿಕ್ಕಿಗೇ ಇನ್ನೂ 3-4 ಮಿ.ಮೀ. ಮೆಲ್ಲಗೆ ತಳ್ಳಿ. ಚಕ್ರ ಫ್ರೀ ಆಯಿತಾ? ಹಾಗಾದರೆ ಒಳಗಿನ ಕ್ಲಚ್ ಚೆನ್ನಾಗಿದೆ, ಕಡಿಮೆಯಾಗಿರುವುದು ಚಲನೆ ಮಾತ್ರ. ಹಾರೆ ಕೊಟ್ಟರೂ ಬಿಗಿ ಹೋಗಲಿಲ್ಲ ಅಂದರೆ ಗೇರ್‌ಬಾಕ್ಸ್ ಇಳಿಸಿ, ಬೇಜಾರಿಲ್ಲ. ಅದು ಒಳಗಿನ ರೋಗ.

ಒಳಗೆ ಹೋದಾಗ ನಾನು ಮೊದಲು ನೋಡುವುದು ಪೈಲಟ್ ಬುಷ್. ಇನ್‌ಪುಟ್ ಶಾಫ್ಟಿನ ಮೂಗು ಕ್ರ್ಯಾಂಕಿನ ಹಿಂಬದಿಯ ತೂತಿನಲ್ಲಿ ಕೂರುವ ಜಾಗ ಅದು. ಕ್ಲಚ್ ಒತ್ತಿ ಗೇರ್ ಹಾಕಿ ನಿಂತಾಗ ಕ್ರ್ಯಾಂಕ್ ತಿರುಗುತ್ತೆ, ಶಾಫ್ಟ್ ನಿಂತಿರುತ್ತೆ, ನಡುವೆ ಈ ಬುಷ್. ಅದು ಬಿಗಿಯಾದರೆ ಕ್ಲಚ್ ಎಷ್ಟೇ ಫ್ರೀ ಆದರೂ ಶಾಫ್ಟ್ ತಿರುಗುತ್ತಲೇ ಇರುತ್ತದೆ. ಲೇತ್ ಕೆಲಸದಲ್ಲಿ ಆಗುವ ಸಾಮಾನ್ಯ ತಪ್ಪು ಏನೆಂದರೆ, ಬುಷ್ ಕೈಯಲ್ಲಿದ್ದಾಗ ಶಾಫ್ಟಿಗೆ ಹಾಕಿ ನೋಡಿ, ಆಹಾ ಸರಿಯಾಗಿದೆ ಅಂತ ಕ್ರ್ಯಾಂಕಿಗೆ ಹೊಡೆಯುತ್ತಾರೆ. ಹೊರಗಿನಿಂದ ಬಿಗಿಯಾಗಿ ಕೂತಾಗ ಒಳಗಿನ ತೂತು ಸ್ವಲ್ಪ ಕುಗ್ಗುತ್ತದೆ, ಕೈಯಲ್ಲಿ ಸಲೀಸಾಗಿದ್ದದ್ದು ಈಗ ಹಿಡಿಯುತ್ತದೆ. ಕೂರಿಸಿದ ಮೇಲೆ ರೀಮರ್ ಹೊಡೆದು ಸುಮಾರು 0.05 ಮಿ.ಮೀ. ಸಡಿಲ ಇಟ್ಟು, ಗೇರ್‌ಬಾಕ್ಸ್ ಏರಿಸುವ ಮೊದಲು ಶಾಫ್ಟಿನ ಮೂಗಿನ ಅಳತೆಗೇ ಒಂದು ತುಂಡು ರಾಡ್ ಮಾಡಿಸಿ ಹಾಕಿ ತಿರುಗಿಸಿ ನೋಡಬೇಕು. ಒಮ್ಮೆ ನಾನು ಬಿಚ್ಚಿದ ಶಾಫ್ಟಿನ ಮೂಗು ಅರಿಶಿನ ಹಚ್ಚಿದ ಹಾಗೆ ಹಳದಿಯಾಗಿತ್ತು, ಬುಷ್‌ನ ಹಿತ್ತಾಳೆ ಕರಗಿ ಮೆತ್ತಿಕೊಂಡಿತ್ತು. ನಿಮ್ಮದರಲ್ಲಿ ಹಾಗೆ ಕಂಡರೆ ಬುಷ್ ಬದಲಾಯಿಸಿದರೆ ಸಾಲದು, ಶಾಫ್ಟಿನ ಮೂಗೂ ಪಾಲಿಶ್ ಆಗಬೇಕು. ಎಣ್ಣೆ ಹೀರುವ ರಂಧ್ರದ ಕಂಚಿನ ಬುಷ್ ಸಿಕ್ಕರೆ ರಾತ್ರಿಯಿಡೀ ಎಂಜಿನ್ ಆಯಿಲ್‌ನಲ್ಲಿ ನೆನೆಹಾಕಿ ಕೂರಿಸಿ, ಗ್ರೀಸ್ ತುಂಬಬೇಡಿ, ಗ್ರೀಸ್ ಆ ರಂಧ್ರಗಳನ್ನು ಮುಚ್ಚಿಬಿಡುತ್ತದೆ. ಹಳೆಯ ಬುಷ್ ತೆಗೆಯಲು ಮಾತ್ರ ಗ್ರೀಸ್ ಒಳ್ಳೆಯದು: ತೂತಿನ ತುಂಬ ಗ್ರೀಸ್ ತುರುಕಿ, ಸರಿಯಾದ ಅಳತೆಯ ರಾಡ್ ಇಟ್ಟು ಸುತ್ತಿಗೆಯಲ್ಲಿ ಹೊಡೆದರೆ ಬುಷ್ ತಾನೇ ಹೊರಗೆ ಬರುತ್ತದೆ.

ಶಾಫ್ಟ್ ಉದ್ದವನ್ನೂ ನೋಡಿ. ಬೇರೆ ಗಾಡಿಯ ಗೇರ್‌ಬಾಕ್ಸ್ ತಾನೆ, ಮೂಗು ಉದ್ದವಾಗಿ ಕ್ರ್ಯಾಂಕಿನ ತೂತಿನ ತಳ ಮುಟ್ಟುತ್ತಿದ್ದರೆ ಬೋಲ್ಟ್ ಬಿಗಿ ಮಾಡಿದಷ್ಟೂ ಒತ್ತುತ್ತದೆ. ಬೆಲ್ ಹೌಸಿಂಗನ್ನು ಕೈಯಲ್ಲಿ ತಳ್ಳಿದರೆ ಎಂಜಿನಿಗೆ ಪೂರ್ತಿ ಹೋಗಿ ಕೂರಬೇಕು. ಕೊನೆಯ ಅರ್ಧ ಸೆಂ.ಮೀ.ಗೆ ಬೋಲ್ಟ್ ಹಾಕಿ ಎಳೆದುಕೊಳ್ಳಬೇಕಾಯಿತು ಅಂತ ಮೆಕ್ಯಾನಿಕ್ ಹೇಳಿದರೆ ಅಲ್ಲೇ ನಿಲ್ಲಿಸಿ.

ಅಡಾಪ್ಟರ್ ಪ್ಲೇಟಿನ ಬಗ್ಗೆ ಒಂದು ಪ್ರಶ್ನೆ ಕೇಳಿ: ಡೋವೆಲ್ ಪಿನ್ (ಎರಡು ಭಾಗಗಳನ್ನು ಸರಿಯಾದ ಜಾಗದಲ್ಲಿ ಹಿಡಿದಿಡುವ ಪಿನ್) ಹಾಕಿದ್ದೀರಾ? ಬೋಲ್ಟ್ ತೂತುಗಳು ಸಡಿಲವಾಗಿರುತ್ತವೆ, ಅವು ಗೇರ್‌ಬಾಕ್ಸನ್ನು ನಟ್ಟನಡುವೆ ನಿಲ್ಲಿಸುವುದಿಲ್ಲ. ನಿಲ್ಲಿಸುವುದು ಡೋವೆಲ್. ಕ್ರ್ಯಾಂಕಿನ ನಡುಗೆರೆ, ಶಾಫ್ಟಿನ ನಡುಗೆರೆ ಒಂದಕ್ಕೊಂದು ತಪ್ಪಿದ್ದರೆ ಬುಷ್ ಒಂದೇ ಕಡೆ ಒತ್ತಿಸಿಕೊಂಡು ಸವೆಯುತ್ತದೆ, ಪ್ಲೇಟ್ ಶಾಫ್ಟಿನ ಸ್ಪ್ಲೈನ್ (ಉದ್ದುದ್ದ ಹಲ್ಲುಗಳು) ಮೇಲೆ ಸಲೀಸಾಗಿ ಜಾರುವುದಿಲ್ಲ. ಫ್ಲೈವೀಲಿಗೆ ಡಯಲ್ ಗೇಜ್ ಕಟ್ಟಿ, ಮುಳ್ಳನ್ನು ಬೆಲ್ ಹೌಸಿಂಗಿನ ನಡು ತೂತಿನ ಒಳಅಂಚಿಗೆ ತಾಗಿಸಿ ಎಂಜಿನನ್ನು ಕೈಯಲ್ಲಿ ಒಂದು ಸುತ್ತು ತಿರುಗಿಸಬೇಕು. ಮುಳ್ಳು ಒಟ್ಟು 0.13 ಮಿ.ಮೀ.ಗಿಂತ ಜಾಸ್ತಿ ಓಡಾಡಬಾರದು. ಒಳ್ಳೆಯ ಲೇತ್‌ನವರ ಹತ್ತಿರ ಡಯಲ್ ಗೇಜ್ ಇದ್ದೇ ಇರುತ್ತದೆ, ಕೇಳಿಕೊಳ್ಳಿ, ಈ ಒಂದು ಅಳತೆಗೆ ಕೊಡುವ ದುಡ್ಡು ವ್ಯರ್ಥವಲ್ಲ.

ಉಳಿದದ್ದು ಕಣ್ಣಿಗೆ ಕಾಣುವಂಥದ್ದು. ಪ್ಲೇಟ್ ಉಲ್ಟಾ ಕೂತಿದೆಯಾ ನೋಡಿ, ಹಬ್‌ನ ಉಬ್ಬಿದ ಭಾಗ ಫ್ಲೈವೀಲ್ ಬೋಲ್ಟ್ ತಲೆಗಳಿಗೆ ಉಜ್ಜಿದ ಹೊಳಪು ಗುರುತು ಇರುತ್ತದೆ. ಫ್ಲೈವೀಲ್ ಲೇತ್‌ಗೆ ಕೊಟ್ಟು ಮುಖ ತೆಗೆಸಿದ್ದರೆ ಎಷ್ಟು ತೆಗೆದರು ಕೇಳಿ. ತೆಗೆದಷ್ಟೂ ಇಡೀ ಕ್ಲಚ್ ಎಂಜಿನ್ ಕಡೆಗೆ ಸರಿಯುತ್ತದೆ, ಫೋರ್ಕ್ ಅಷ್ಟು ದೂರ ಎಟುಕಬೇಕಾಗುತ್ತದೆ. ಬೇರಿಂಗ್ ಬೆರಳಿಗೆ ತಾಗುವಷ್ಟರಲ್ಲೇ ಫೋರ್ಕಿನ ಹೊರತುದಿ ಬೆಲ್ ಹೌಸಿಂಗ್ ಕಿಟಕಿಯ ಅಂಚಿಗೆ ಬಂದಿದ್ದರೆ ಮುಂದೆ ಹೋಗಲು ಜಾಗವೇ ಇಲ್ಲ. ಆಗ ಪಿವಟ್ ಬಾಲ್ ಕೆಳಗೆ ವಾಷರ್ ಕೊಡಬೇಕು, ಇಲ್ಲವೇ ಬೇರಿಂಗ್ ಕ್ಯಾರಿಯರ್ ಉದ್ದದ್ದು ಹಾಕಬೇಕು. ಅರ್ಧ ಒತ್ತಿದಾಗ ಫೋರ್ಕ್ ಸ್ಲೇವ್ ರಾಡಿಗೆ ಮೂಲೆಮಟ್ಟವಾಗಿ ನಿಂತರೆ ಸರಿಯಾಗಿದೆ ಅಂತ ಅರ್ಥ. ಪ್ರೆಷರ್ ಪ್ಲೇಟ್ ಮೂರು ಲಿವರ್‌ಗಳ ಹಳೆಯ ಮಾದರಿಯಾಗಿದ್ದರೆ ಮೂರರ ಎತ್ತರವೂ ಒಂದೇ ಇರಬೇಕು, ಒಂದು ತಗ್ಗಿದ್ದರೆ ಪ್ಲೇಟ್ ಓರೆಯಾಗಿ ಒಂದು ಕಡೆ ಹಿಡಿದೇ ಇರುತ್ತದೆ.

ಆಟೊಮ್ಯಾಟಿಕ್ ಕಾರನ್ನು ಮ್ಯಾನುಯಲ್ ಮಾಡಿಸುವವರಿಗೂ ಇದೆಲ್ಲ ಹೀಗೇ ಅನ್ವಯಿಸುತ್ತದೆ. ಒಂದು ಹೆಚ್ಚಿನ ಎಚ್ಚರ: ಕೆಲವು ಆಟೊಮ್ಯಾಟಿಕ್ ಎಂಜಿನ್‌ಗಳ ಕ್ರ್ಯಾಂಕಿನಲ್ಲಿ ಪೈಲಟ್ ಬೇರಿಂಗ್‌ಗೆ ತೂತು ಪೂರ್ತಿ ಕೊರೆದಿರುವುದಿಲ್ಲ. ಗೇರ್‌ಬಾಕ್ಸ್ ಕೊಳ್ಳುವ ಮೊದಲೇ ಅದನ್ನು ನೋಡಿಕೊಳ್ಳಿ.

ನಿಮ್ಮ ಕಡೆಯ ಮಳೆಗೆ ಸಂಬಂಧಿಸಿದ ಮಾತೂ ಒಂದಿದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಜೀಪ್ ಎರಡು ಮೂರು ವಾರ ಶೆಡ್ಡಿನಲ್ಲೇ ನಿಂತರೆ ಪ್ಲೇಟ್ ತುಕ್ಕಿನಿಂದ ಫ್ಲೈವೀಲಿಗೆ ಅಂಟಿಕೊಳ್ಳಬಹುದು. ಅದು ಇನ್ನೊಂದು ರೋಗ, ಒಂದೇ ಸಲಕ್ಕೆ ಪೂರ್ತಿ ಬಿಡುವುದೇ ಇಲ್ಲ, ಪಂಪ್ ಮಾಡಿದರೂ ಅಷ್ಟೇ. ನಿಮ್ಮದು ಆ ಥರ ಅಲ್ಲ. ಆದರೂ ಈ ಮಳೆಗಾಲದಲ್ಲಿ ವಾರಕ್ಕೊಮ್ಮೆಯಾದರೂ ಸ್ಟಾರ್ಟ್ ಮಾಡಿ ಅಂಗಳದಲ್ಲಿ ನಾಲ್ಕು ಹೆಜ್ಜೆ ಓಡಿಸಿ.

ಈಗ ನನಗೆ ನಾಲ್ಕು ಅಳತೆ ಕಳುಹಿಸಿ: ಪೆಡಲ್ ಒಂದೇ ಸಲ ಒತ್ತಿದಾಗ ಸ್ಲೇವ್ ರಾಡ್ ಎಷ್ಟು ಬಂತು, ಮೂರು ಸಲ ಪಂಪ್ ಮಾಡಿದಾಗ ಎಷ್ಟು, ಪೆಡಲ್ ಅನುಪಾತ ಎಷ್ಟು, ಫೈರ್‌ವಾಲ್ ಎಷ್ಟು ಬಗ್ಗಿತು. ಹಾರೆ ಕೊಟ್ಟಾಗ ಚಕ್ರ ಫ್ರೀ ಆಯಿತೋ ಇಲ್ಲವೋ ಅದನ್ನೂ ಬರೆಯಿರಿ. ಸ್ಲೇವ್ 12 ಮಿ.ಮೀ. ಆಸುಪಾಸಿನಲ್ಲೇ ನಿಂತು, ಹಾರೆಗೆ ಚಕ್ರ ಬಿಟ್ಟುಕೊಟ್ಟರೆ ನನ್ನ ಉತ್ತರಕ್ಕೆ ಕಾಯಬೇಡಿ. ತಗಡಿಗೆ ಪಟ್ಟಿ ಬೆಸುಗೆ ಹಾಕಿಸಿ, 3/4 ಇಂಚಿನ ಮಾಸ್ಟರ್ ತಂದು, ಪೆಡಲ್ ಸ್ಟಾಪ್ ಇಟ್ಟು, ಹತ್ತು ಎಣಿಸಿ ರಿವರ್ಸ್ ಹಾಕಿ ನೋಡಿ.